ಹೋಗುವ ಮರ, ಕೂರುವ ಮರ

ಪೀಠೋಪಕರಣದ ಅಂಗಡಿಯಲ್ಲಿ ಕೆಲಸ ಮಾಡುವವರ ಕಣ್ಣಿಗೆ ಲೋಕದಲ್ಲಿ ಇರುವುದು ಎರಡೇ ಬಗೆಯ ಸಾಮಾನು. ಒಂದು ಹೋಗುವಂಥದ್ದು, ಇನ್ನೊಂದು ಕೂರುವಂಥದ್ದು. ಗಿರಾಕಿ ಬಂದು, ಸವರಿ ನೋಡಿ, ಒಂದು ಸಲ ಹೆಂಡತಿಯ ಮುಖ ನೋಡಿ, ಗಾಡಿಗೆ ಹಾಕಿಸಿಕೊಂಡು ಹೊರಟರೆ ಆ ಮಂಚ ‘ಹೋಯಿತು’. ಎಷ್ಟು ಒರೆಸಿ ಹೊಳಪು ಕೊಟ್ಟರೂ, ಬಾಗಿಲ ಎದುರಿಗೇ ತಂದು ನಿಲ್ಲಿಸಿದರೂ ಯಾರೂ ಮೂಸಿ ನೋಡದ ಕಪಾಟು ‘ಕೂತಿತು’. ಹೊಸ ಮಾಲು ಇಳಿದ ದಿನ ಮಾಲೀಕರು ಕೇಳುವುದೂ ಇದನ್ನೇ: ಹೋಗುತ್ತಾ, ಕೂರುತ್ತಾ? ಅಂಗಡಿಯ ಒಳಗೆ ಈ ಮಾತುಗಳ ಅರ್ಥ ಕಸ ಗುಡಿಸುವವರಿಗೂ ಗೊತ್ತು. ಅಂಗಡಿಯ ಹೊರಗೆ ಇವಕ್ಕೆ ಬೇರೆ ಬೇರೆ ಅರ್ಥಗಳಿವೆ ಎಂಬುದನ್ನು ಮಾತ್ರ ಮಂಚದಣ್ಣ ಪೂರ್ತಿ ಮರೆತುಬಿಟ್ಟಿದ್ದ. ಮುಂದೆ ನಡೆದ ಪೀಕಲಾಟಕ್ಕೆಲ್ಲ ಮೂಲ ಇಷ್ಟೇ.

ಮಂಚದಣ್ಣ ಎಂಬ ಹೆಸರು ಹುಟ್ಟಿದ್ದೂ ಆ ಅಂಗಡಿಯಲ್ಲೇ. ಕುರ್ಚಿ ಕೊಳ್ಳಲು ಬಂದವರಿಗೆ ಮಂಚ ಹೊರಿಸಿ ಕಳಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆರಳಿನ ಗೆಣ್ಣಿನಿಂದ ಟಕಟಕ ಎಂದು ಮರ ತಟ್ಟುವುದು, ಕಿವಿ ಕೊಡುವುದು, ಅಂಗೈಯಲ್ಲಿ ಒಮ್ಮೆ ಸವರುವುದು, ಕಣ್ಣು ಅರೆಮುಚ್ಚಿ ‘ಹೋಗುತ್ತೆ’ ಎನ್ನುವುದು. ಅವನು ಹಾಗೆಂದ ಮಾಲು ಹೋಗದೆ ಉಳಿದದ್ದನ್ನು ಯಾರೂ ಕಂಡಿಲ್ಲ. ಇಂಥವನಿಗೂ ಒಂದು ಕೊರತೆಯಿತ್ತು, ಅದು ಎತ್ತರ. ಸ್ಟೂಲು ಹತ್ತಿದರೆ ಸಾಕು, ಮಂಡಿ ಎರಡೂ ಒಂದಕ್ಕೊಂದು ಮಾತಾಡಿಕೊಳ್ಳಲು ಶುರುಮಾಡುತ್ತಿದ್ದವು. ಮನೆಯಲ್ಲಿ ಬಲ್ಬು ಬದಲಾಯಿಸುವುದು, ಅಟ್ಟದಿಂದ ಪೆಟ್ಟಿಗೆ ಇಳಿಸುವುದು ಎಲ್ಲ ಹೆಂಡತಿಯ ಇಲಾಖೆ. ಆಕೆಗೆ ಔಷಧದ ಅಂಗಡಿಯಲ್ಲಿ ಕೆಲಸ. ಯಾರು ಏನು ಹೇಳಿದರೂ ಮೊದಲು ‘ಚೀಟಿ ತೋರಿಸಿ’ ಎನ್ನುವ ಸ್ವಭಾವ ಮನೆಗೂ ಬಂದುಬಿಟ್ಟಿತ್ತು.

ಇಬ್ಬರು ಮಕ್ಕಳು. ಒಂದನೇ ಕ್ಲಾಸಿನ ಪುಟ್ಟಿ, ಇನ್ನೂ ಶಾಲೆಗೆ ಸೇರದ ಗುಂಡ. ಗುಂಡನಿಗೆ ಕೇಳಿದ ಕೊನೆಯ ಮಾತನ್ನು ದಿನವಿಡೀ ಹೇಳುವ ಚಾಳಿ. ಪುಟ್ಟಿಯದು ಹಾಗಲ್ಲ, ಕೇಳಿದ ಮಾತನ್ನು ಒಳಗಿಟ್ಟುಕೊಂಡು ತಿರುವಿ ತಿರುವಿ ನೋಡುವ ಮಗು. ಹಿಂದಿನ ವರ್ಷ ಮಂಚದಣ್ಣನ ತಾಯಿ ತೀರಿಕೊಂಡಾಗ ಮನೆಯವರೆಲ್ಲ ಅವಳಿಗೆ ‘ಅಜ್ಜಿ ಹೋದರು’ ಎಂದಿದ್ದರು. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಕೇಳಲಿಲ್ಲವಲ್ಲ, ಬದುಕಿದೆವು ಎಂದು ದೊಡ್ಡವರು ಅಷ್ಟಕ್ಕೇ ಸುಮ್ಮನಾದರು.

ಆದರೆ ಬೇರೆ ವಿಷಯ ಕೇಳಿದ್ದಳು. ಅವಳ ಕ್ಲಾಸಿನಲ್ಲಿ ಒಬ್ಬಳ ಅಪ್ಪ ಫೈರ್ ಎಂಜಿನ್ ಓಡಿಸುತ್ತಾನಂತೆ. ಇನ್ನೊಬ್ಬನ ಅಪ್ಪನದು ರೈಲು.

“ನೀನು ಏನು ಮಾಡ್ತೀಯ ಅಪ್ಪ?”

ಫೈರ್ ಎಂಜಿನ್ನಿನ ಪಕ್ಕದಲ್ಲಿ ತಂದು ನಿಲ್ಲಿಸಿದರೆ ಡಬಲ್ ಕಾಟು ಸ್ವಲ್ಪ ಸಪ್ಪೆ ಕಾಣುತ್ತದೆ. ಮಂಚ ಮಾರುತ್ತೇನೆ ಎನ್ನಲು ಅವನ ನಾಲಿಗೆ ಏಳಲಿಲ್ಲ. “ನಂದು ಮರದ ಕೆಲಸ ಪುಟ್ಟಿ,” ಎಂದ, ಗಂಟಲು ಸ್ವಲ್ಪ ದಪ್ಪ ಮಾಡಿಕೊಂಡು. ಅಡುಗೆಮನೆಯಿಂದ ಹೆಂಡತಿ ಕೆಮ್ಮಿದಳು. ಪುಟ್ಟಿಯ ಕಣ್ಣು ಅಗಲವಾದವು. ಆ ಅಗಲವಾದ ಕಣ್ಣುಗಳು ಮಂಚದಣ್ಣನಿಗೆ ಬಹಳ ಹಿಡಿಸಿಬಿಟ್ಟವು. ಅವು ಹಾಗೇ ಇರಲಿ ಎಂಬುದೊಂದೇ ಅವನ ಆಸೆ, ಅದಕ್ಕಾಗಿ ಅವನು ಏನು ಬೇಕಾದರೂ ಮಾಡಲು ಸಿದ್ಧನಿದ್ದ, ಸ್ಟೂಲು ಹತ್ತುವುದೊಂದನ್ನು ಬಿಟ್ಟು.

ಶಾಲೆಗೆ ರಜೆ ಬಂತು. ಕಾಡಿನ ನಡುವೆ ಒಂದು ರೆಸಾರ್ಟು, ಮಕ್ಕಳಿಗೆ ಹಗ್ಗದ ಸೇತುವೆ, ದೋಣಿ, ಸೈಕಲ್ಲು, ಮರದ ಮೇಲೆ ಮನೆ ಎಂದೆಲ್ಲ ಹೆಂಡತಿಯೇ ಹುಡುಕಿದಳು. ಮರದ ಮೇಲೆ ಎಂಬ ಮಾತು ಕೇಳಿ ಮಂಚದಣ್ಣ ಕೈಗೆತ್ತಿಕೊಂಡಿದ್ದ ಚೀಲ ಕೆಳಗಿಟ್ಟ. “ನೆಲದ ಮೇಲೂ ರೂಮಿದೆ, ಅದನ್ನೇ ಹೇಳಿದೀನಿ,” ಎಂದಳು ಆಕೆ. ಅವನು ನೆಮ್ಮದಿಯಿಂದ ಚೀಲ ತುಂಬಿದ.

ಇತ್ತ ರೆಸಾರ್ಟಿನ ಮ್ಯಾನೇಜರಿಗೆ ನೆಮ್ಮದಿ ಇರಲಿಲ್ಲ. ಹಗ್ಗದ ಸೇತುವೆಗಳನ್ನು ಹೊತ್ತ ಮರಗಳು ಗಟ್ಟಿಯಾಗಿವೆಯೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಬೆಳಗ್ಗೆಯೇ ದೊಡ್ಡ ಆಫೀಸಿನಿಂದ ಫೋನು ಬಂದಿತ್ತು. “ಮರದವರು ಬರ್ತಾರೆ. ಹೇಳದೆ ಕೇಳದೆ, ಗೆಸ್ಟುಗಳ ಥರ ಬರೋದು ಅವರ ಪದ್ಧತಿ. ಚೆನ್ನಾಗಿ ನೋಡ್ಕೊಳ್ಳಿ.” ಅಂದಿನಿಂದ, ಅಂದರೆ ತಿಂಡಿಯ ಹೊತ್ತಿನಿಂದ, ಬಂದ ಪ್ರತಿಯೊಬ್ಬರ ಮುಖವನ್ನೂ ಮ್ಯಾನೇಜರ್ ಎಕ್ಸ್‌ರೇ ಹಿಡಿದಂತೆ ನೋಡುತ್ತಿದ್ದ.

ಮಂಚದಣ್ಣನ ಸಂಸಾರ ಕೌಂಟರಿನ ಮುಂದೆ ಬಂದು ನಿಂತಿತು. ಮ್ಯಾನೇಜರ್ ಬೀಗದ ಕೈ ತೆಗೆಯುತ್ತ ಬಾಯಿಮಾತಿಗೆ ಕೇಳಿದ, “ತಾವು ಏನು ಮಾಡ್ಕೊಂಡಿದೀರಿ ಸರ್?”

ಉತ್ತರ ಕೊಟ್ಟವಳು ಪುಟ್ಟಿ. “ನಮ್ಮಪ್ಪ ಮರದವರು.”

ಮ್ಯಾನೇಜರನ ಕೈ ಬೀಗದ ಕೈಗಳ ನಡುವೆಯೇ ನಿಂತಿತು. “ಮರದವರಾ?”

ಇಲ್ಲಿ ಒಂದೇ ಒಂದು ಮಾತು ಸಾಕಾಗಿತ್ತು. ಆದರೆ ಪಕ್ಕದಲ್ಲಿ ಆ ಎರಡು ಕಣ್ಣುಗಳು ಮೇಲೆ ನೋಡುತ್ತಿದ್ದವು. “ಹೂಂ,” ಎಂದ ಮಂಚದಣ್ಣ, “ಬಹಳ ವರ್ಷದಿಂದ ಮರದಲ್ಲೇ ಇದೀನಿ.”

ಹೆಂಡತಿ ಅವನ ಕಾಲು ತುಳಿದಳು. ಮ್ಯಾನೇಜರ್ ಸುತ್ತ ನೋಡಿ, ದನಿ ತಗ್ಗಿಸಿ, “ಗೊತ್ತಾಯ್ತು ಸರ್. ಮುಂದೆ ಹೇಳ್ಬೇಡಿ. ನಾನೂ ಯಾರಿಗೂ ಹೇಳಲ್ಲ. ನಿಮ್ಮಂಥೋರಿಗೆ ನೆಲದ ಮೇಲೆ ರೂಮ್ ಕೊಡೋದು ಅಂದ್ರೆ ನಮಗೇ ಮರ್ಯಾದೆ ಅಲ್ಲ,” ಎಂದು ಎಲ್ಲಕ್ಕಿಂತ ಎತ್ತರದ ಮರದ ಮನೆಯ ಬೀಗದ ಕೈ ಹೊರತೆಗೆದ.

ಆ ಮನೆಗೆ ಸುತ್ತಿ ಸುತ್ತಿ ಏರುವ ಅಗಲವಾದ ಮೆಟ್ಟಿಲಿತ್ತು, ಎರಡೂ ಕಡೆ ಭದ್ರ ಗೋಡೆಯಿತ್ತು. ಮಂಚದಣ್ಣ ಗುಂಡನನ್ನು ಎತ್ತಿಕೊಂಡು, ಅವನ ಬೆನ್ನಿಗೆ ಮುಖ ಒತ್ತಿಕೊಂಡು, ಕಣ್ಣು ಮುಚ್ಚಿ ಹತ್ತಿದ. ಮಗನ ಮೇಲೆ ಎಷ್ಟು ಅಕ್ಕರೆ ನೋಡಿ ಎಂದು ಸಾಮಾನು ಹೊತ್ತವರು ಮಾತಾಡಿಕೊಂಡರು. ರೂಮಿನಲ್ಲಿ ಕಿಟಕಿಯ ಕಡೆಗೆ ಬೆನ್ನು ಹಾಕಿ ಕುಳಿತವನು ಮಾರನೆಯ ಬೆಳಗಾಗುವವರೆಗೆ ಏಳಲಿಲ್ಲ.

“ಹೇಳಿಬಿಡಿ ಅವರಿಗೆ,” ಎಂದಳು ಹೆಂಡತಿ. “ಅಂಗಡೀಲಿ ಕೆಲಸ ಅಂತ ಹೇಳಿದ್ರೆ ಏನು ಕಳ್ಕೋತೀರಿ?”

“ನಾನೇನು ಸುಳ್ಳು ಹೇಳಿದೆ? ಮರದ ಕೆಲಸ ಅಂದೆ. ಮರದ ಕೆಲಸಾನೇ.”

“ಚೀಟಿ ನೋಡ್ದೆ ಮಾತ್ರೆ ನುಂಗೋರಿಗೆ ಆಗೋ ಗತೀನೇ ನಿಮಗೂ ಆಗೋದು,” ಎಂದು ಆಕೆ ದೀಪ ಆರಿಸಿದಳು.

ಬೆಳಗ್ಗೆ ಶಾಲೆಗೆ ಹೋಗುವ ಮಕ್ಕಳನ್ನೆಲ್ಲ ರೆಸಾರ್ಟಿನ ಒಬ್ಬ ಹುಡುಗಿ ಕರೆದುಕೊಂಡು ಹೋದಳು. ಕೊರಳಲ್ಲಿ ಸದಾ ಸೀಟಿ ತೂಗಾಡುತ್ತಿದ್ದ ಅವಳಿಗೆ ಮಕ್ಕಳು ಸೀಟಿ ಅಕ್ಕ ಎಂದೇ ಹೆಸರಿಟ್ಟಿದ್ದರು. ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳುವುದು ಹೇಗೆ, ಅದರ ಕೊಕ್ಕೆಯನ್ನು ಹಗ್ಗಕ್ಕೆ ಸಿಕ್ಕಿಸುವುದು ಹೇಗೆ, ಹತ್ತುವಾಗ ಯಾವ ಕಾಲು ಮೊದಲು, ಇಳಿಯುವಾಗ ಯಾವುದು, ಎಲ್ಲವನ್ನೂ ಹೇಳಿಕೊಟ್ಟಳು. ಆಮೇಲೆ ಒಬ್ಬೊಬ್ಬರೂ ಒಂದೊಂದು ಮರವನ್ನು ಆರಿಸಿ ಸ್ನೇಹ ಮಾಡಿಕೊಳ್ಳಬೇಕು, ಹೆಸರಿಡಬೇಕು ಎಂದಳು. ಮಕ್ಕಳು ತಮ್ಮ ಮರಗಳಿಗೆ ರಾಕೆಟ್ಟು, ದೈತ್ಯ, ಹುಲಿ ಎಂದೆಲ್ಲ ಹೆಸರಿಟ್ಟರು. ಪುಟ್ಟಿ ಕಾಡಿನ ಅಂಚಿನ ಒಂದು ಭಾರಿ ಮರದ ಮುಂದೆ ನಿಂತು, ತೊಗಟೆಯ ಸುಕ್ಕುಗಳ ಮೇಲೆ ಕೈಯಾಡಿಸಿ, ‘ಅಜ್ಜಿ’ ಎಂದಳು. ಹಗ್ಗದ ಸೇತುವೆ ಶುರುವಾಗುತ್ತಿದ್ದದ್ದೂ ಆ ಮರದಿಂದಲೇ. ಅದರ ಮೈಗೆ ಏಣಿ, ಮೇಲೆ ಹಲಗೆಯ ಜಗುಲಿ.

ಅದೇ ಹೊತ್ತಿಗೆ ಮ್ಯಾನೇಜರ್ ಮಂಚದಣ್ಣನನ್ನು ಹುಡುಕಿಕೊಂಡು ಬಂದ. “ಸುಮ್ನೆ ಒಂದು ರೌಂಡು ಸರ್. ಗಾಳಿ ಸೇವನೆ ಅಂದ್ಕೊಳ್ಳಿ. ಹಾಗೇ ಮರ ನೋಡಿದಾಗ ಏನಾದ್ರೂ ಅನ್ನಿಸಿದ್ರೆ ಹೇಳಿ.” ಅವನ ಎರಡು ಜೇಬಿನಲ್ಲಿ ಎರಡು ಬಣ್ಣದ ಪಟ್ಟಿಗಳ ಸುರುಳಿಗಳಿದ್ದವು. ಗಟ್ಟಿ ಮರಕ್ಕೆ ಹಸಿರು, ಬೀಳುವ ಮರಕ್ಕೆ ಕೆಂಪು.

ಮಂಚದಣ್ಣನಿಗೆ ಇದು ಮನೆಯೂಟದಂಥ ಮಾತು. ಅಂಗಡಿಗೆ ಹೊಸ ಮಾಲು ಬಂದಾಗ ಮಾಲೀಕರೂ ಹೀಗೇ ಜೊತೆಯಲ್ಲಿ ಬರುತ್ತಾರೆ. ಅಷ್ಟು ದೂರದಲ್ಲಿ ಮಕ್ಕಳ ಗುಂಪಿನಿಂದ ಪುಟ್ಟಿ ಬೇರೆ ನೋಡುತ್ತಿದ್ದಳು. ಅವನು ಅಜ್ಜಿ ಮರದ ಮುಂದೆ ನಿಂತು ಟಕಟಕ ತಟ್ಟಿದ. ಕಿವಿ ಕೊಟ್ಟ. ಅಂಗೈಯಲ್ಲಿ ಸವರಿದ. ಇಂಥ ಮರವನ್ನು ಅವನು ಜನ್ಮದಲ್ಲಿ ತಟ್ಟಿರಲಿಲ್ಲ. ಮೈ ಜುಮ್ಮೆಂದಿತು. ತನಗೆ ಗೊತ್ತಿದ್ದ ಅತಿ ದೊಡ್ಡ ಹೊಗಳಿಕೆಯನ್ನು ಅದಕ್ಕೆ ಕೊಟ್ಟ.

“ಇದು ಹೋಗುತ್ತೆ.”

ಮ್ಯಾನೇಜರ್ ಮರದಿಂದ ಒಂದು ಹೆಜ್ಜೆ ಹಿಂದೆ ಸರಿದ. “ಹೋಗುತ್ತಾ ಸರ್? ಖಂಡಿತಾನಾ?”

“ಬರೆದಿಟ್ಕೊಳ್ಳಿ. ಮುಂದಿನ ವಾರ ನೀವು ಬಂದು ನೋಡಿದ್ರೆ ಇದು ಇಲ್ಲಿ ಇರಲ್ಲ.”

“ಒಳ್ಳೆ ಮರ ಸರ್ ಅದು.”

“ಒಳ್ಳೇದಾಗಿರೋದಕ್ಕೇ ಹೋಗೋದು,” ಎಂದ ಮಂಚದಣ್ಣ, ಅನುಭವದ ದನಿಯಲ್ಲಿ. “ನಮ್ಮ ಕೆಲಸದಲ್ಲಿ ಮೊದಲು ಕಲಿಯೋದೇ ಅದು. ಒಳ್ಳೇವು ಬೇಗ ಹೋಗ್ತವೆ. ಕೆಟ್ಟವು ಹಾಗೇ ಕೂತಿರ್ತವೆ.”

ಇದರಲ್ಲಿ ಬದುಕಿನ ಆಳವಾದ ಸತ್ಯವೇ ಅಡಗಿದೆ ಎನ್ನಿಸಿ ಮ್ಯಾನೇಜರ್ ಕಣ್ಣು ಒರೆಸಿಕೊಂಡ. ಅಜ್ಜಿ ಮರಕ್ಕೆ ಕೆಂಪು ಪಟ್ಟಿ ಬಿತ್ತು. ರಾಕೆಟ್ಟು ಹೋಗುತ್ತೆ, ಕೆಂಪು ಪಟ್ಟಿ. ದೈತ್ಯ, ಕಣ್ಣು ಮುಚ್ಚಿಕೊಂಡು ಹೋಗುತ್ತೆ, ಕೆಂಪು ಪಟ್ಟಿ. ಕೊನೆಗೆ ಕೆರೆಯ ಪಕ್ಕದಲ್ಲಿ ಸೊಂಟ ಮುರಿದವರಂತೆ ಬಾಗಿ, ಒಳಗೆಲ್ಲ ಪೊಳ್ಳಾಗಿ, ಅರ್ಧ ಒಣಗಿದ ಮರವೊಂದರ ಮುಂದೆ ಬಂದರು. ಮಂಚದಣ್ಣ ಒಂದು ಸಲ ತಟ್ಟಿ ಮೂಗು ಮುರಿದ. “ಇದು ಕೂರುತ್ತೆ. ನಾನು, ನೀವು ಎಲ್ಲಾ ರಿಟೈರ್ ಆದ್ರೂ ಇದು ಇಲ್ಲೇ ಕೂತಿರುತ್ತೆ.”

ಮ್ಯಾನೇಜರನಿಗೆ ಹೋದ ಜೀವ ಬಂದಂತಾಯಿತು. ಆ ಮರಕ್ಕೆ ಹಸಿರು ಪಟ್ಟಿ ಕಟ್ಟಿ, ಅದರ ಬುಡದಲ್ಲೇ ಬೆಂಚು ಹಾಕಿಸಿ, ರೆಸಾರ್ಟಿಗೆ ಬಂದಿದ್ದ ಹಲ್ಲಿನ ಡಾಕ್ಟರರ ಸಂಸಾರವನ್ನು ಕರೆದು ಕೂರಿಸಿದ. ಗುಂಡ ಮಾತ್ರ ಅಪ್ಪನ ಬೆರಳು ಹಿಡಿದು ನಡೆಯುತ್ತ ಕುರ್ಚಿ, ನಾಯಿ, ನೀರಿನ ಟ್ಯಾಂಕು ಎಲ್ಲವನ್ನೂ ತೋರಿಸಿ “ಹೋಗುತ್ತೆ” ಎಂದು ತೀರ್ಪು ಕೊಡುತ್ತಿದ್ದ.

ಮಧ್ಯಾಹ್ನದ ಊಟದ ಹೊತ್ತಿಗೆ ಸೇತುವೆಗಳು ಬಂದ್ ಆದವು. ಕಾಡಿನ ಒಳ್ಳೊಳ್ಳೆಯ ಮರಗಳೆಲ್ಲ ಕೆಂಪು ಪಟ್ಟಿ ಕಟ್ಟಿಕೊಂಡು ನಿಂತಿದ್ದವು. ಊಟದ ಹಾಲಿನಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಸುದ್ದಿ ಬೆಳೆಯಿತು. ಮರ ಬೀಳುತ್ತವಂತೆ ಎಂದು ಹೊರಟದ್ದು, ಬೀಳುವ ಮುಂಚೆ ಕಡಿಯುತ್ತಾರಂತೆ ಎಂದಾಯಿತು. ನೀರಿನ ಜಗ್ಗಿನ ಹತ್ತಿರ ಬರುವಾಗ ಕಡಿಯಲು ದೊಡ್ಡ ಗರಗಸ ಹೊರಟಾಗಿತ್ತು.

ಹಲ್ಲಿನ ಡಾಕ್ಟರರು ತಟ್ಟೆ ಹಿಡಿದುಕೊಂಡೇ ಮಂಚದಣ್ಣನ ಬಳಿ ಬಂದರು. “ನಾನು ಒಂದು ಹಲ್ಲು ಕೀಳ್ಬೇಕಾದ್ರೂ ಎಕ್ಸ್‌ರೇ ತೆಗೆಸ್ತೀನಿ. ನೀವು ಬರೀ ತಟ್ಟಿ ನೋಡಿ ಹೇಳಿಬಿಡ್ತೀರಂತೆ?”

“ಅಭ್ಯಾಸ ಡಾಕ್ಟ್ರೇ. ಒಳಗಿರೋದು ಸದ್ದಿನಲ್ಲೇ ಗೊತ್ತಾಗುತ್ತೆ.”

“ತಪ್ಪಾಗಿದ್ದೇ ಇಲ್ವಾ?”

“ಹೋಗುತ್ತೆ ಅಂದಿದ್ದು ಇವತ್ತಿನವರೆಗೆ ಹೋಗದೆ ಉಳಿದಿಲ್ಲ.”

ಡಾಕ್ಟರರು ಅವನನ್ನು ಒಂದು ಕ್ಷಣ ನೋಡಿ, ತಮ್ಮ ಮಕ್ಕಳ ಕುರ್ಚಿಗಳನ್ನು ಅವನಿಂದ ಸ್ವಲ್ಪ ದೂರಕ್ಕೆ ಎಳೆದುಕೊಂಡರು.

ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಮರ ಕಡಿಯಬೇಕಾದರೆ ಅರಣ್ಯಾಧಿಕಾರಿಗಳ ಒಪ್ಪಿಗೆ ಬೇಕಲ್ಲ, ಮ್ಯಾನೇಜರೇ ಫೋನು ಮಾಡಿ ಕರೆಸಿದ್ದ. ಅಧಿಕಾರಿಗಳು ಬೆಲ್ಟು ಮೇಲೆತ್ತಿಕೊಂಡು ಒಳಗೆ ಬಂದರು. “ನನ್ನ ಕಾಡಲ್ಲಿ ಒಂದು ಕಡ್ಡಿ ಮುರೀಬೇಕಾದ್ರೂ ನಾನು ಹೇಳ್ಬೇಕು. ಯಾರ್ರೀ ಮರದವರು?”

ಮಂಚದಣ್ಣ ಬಾಯಿ ತೆರೆಯುವ ಮೊದಲೇ ಗುಂಡ ತೊಡೆಯಿಂದ ಜಾರಿ, ಅಧಿಕಾರಿಗಳ ಮುಂದೆ ನಿಂತು, ಅವರ ಬೂಟನ್ನು ಟಕಟಕ ತಟ್ಟಿ, “ಹೋಗುತ್ತೆ,” ಎಂದ.

ಅಧಿಕಾರಿಗಳು ಬೆವರಿದರು. ತಮಗೆ ವರ್ಗ ಆಗುತ್ತದೆ ಎಂಬ ಗುಸುಗುಸು ಅವರ ಕಿವಿಗೂ ಬಿದ್ದಿತ್ತು. “ಯಾವ ಊರಿಗೆ ಅಂತ ಏನಾದ್ರೂ ಹೇಳಿದ್ರಾ ನಿಮ್ಮ ಆಫೀಸಲ್ಲಿ?” ಎಂದು ಮಂಚದಣ್ಣನ ಪಕ್ಕದ ಕುರ್ಚಿಯಲ್ಲಿ ಕುಸಿದು ಕುಳಿತರು. ಮಂಚದಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಸಮವಸ್ತ್ರದವರೊಬ್ಬರು ತನ್ನ ಪಕ್ಕದಲ್ಲಿ ಕೈಕಟ್ಟಿ ಕುಳಿತಿರುವುದನ್ನು ಪುಟ್ಟಿ ನೋಡಬೇಕಿತ್ತು ಎನ್ನಿಸಿ ಸುತ್ತ ಕಣ್ಣಾಡಿಸಿದ.

ಪುಟ್ಟಿ ಬಾಗಿಲಲ್ಲೇ ನಿಂತಿದ್ದಳು. ಸೀಟಿ ಅಕ್ಕನಿಂದ ಅವಳಿಗೆ ಎಲ್ಲ ತಿಳಿದಿತ್ತು. ನೇರವಾಗಿ ಅಪ್ಪನ ಹತ್ತಿರ ಬಂದಳು.

“ಅಪ್ಪ, ಅಜ್ಜಿ ಹೋಗುತ್ತೆ ಅಂತ ನೀನು ಹೇಳಿದ್ಯಾ?”

ಎಲ್ಲರ ಮುಂದೆ ಮಗಳು ತನ್ನ ವಿದ್ಯೆಯನ್ನು ಕೇಳುತ್ತಿದ್ದಾಳೆ ಎಂದು ಮಂಚದಣ್ಣನ ಎದೆ ಉಬ್ಬಿತು. “ಹೂಂ ಪುಟ್ಟಿ. ಎಲ್ಲಕ್ಕಿಂತ ಮೊದಲು ಅದೇ ಹೋಗೋದು.”

ಪುಟ್ಟಿ ಅಪ್ಪನ ಮುಖವನ್ನು ಹೊಸಬರ ಮುಖ ನೋಡುವಂತೆ ನೋಡಿದಳು. ತಿರುಗಿ ನಡೆದುಬಿಟ್ಟಳು. ಮಂಚದಣ್ಣನ ಉಬ್ಬಿದ ಎದೆ ಅಲ್ಲಿಗೇ ಇಳಿಯಿತು. ಏನೋ ತಪ್ಪಿದೆ ಎಂದು ಅವನಿಗೆ ಅನ್ನಿಸಿದ್ದು ಅದೇ ಮೊದಲು.

ಸ್ವಲ್ಪ ಹೊತ್ತಿನಲ್ಲೇ ಹೊರಗೆ ಸೀಟಿ ಕೂಗಿತು, ಮತ್ತೆ ಮತ್ತೆ ಕೂಗಿತು. ಊಟ ಬಿಟ್ಟು ಎಲ್ಲರೂ ಓಡಿದರು. ಮ್ಯಾನೇಜರ್ ಕೆಂಪು ಪಟ್ಟಿ ಕಟ್ಟಿದ್ದು ದೊಡ್ಡವರ ಎದೆಮಟ್ಟಕ್ಕೆ. ಪುಟ್ಟಿ ತಲೆಯನ್ನೂ ತಗ್ಗಿಸದೆ ಅದರ ಅಡಿಯಲ್ಲಿ ನಡೆದುಹೋಗಿದ್ದಳು. ಕಲಿಸಿದಂತೆಯೇ ಬೆಲ್ಟು ಕಟ್ಟಿ, ಕೊಕ್ಕೆ ಸಿಕ್ಕಿಸಿ, ಅಜ್ಜಿ ಮರದ ಮೇಲಿನ ಜಗುಲಿಯಲ್ಲಿ ಹೋಗಿ ಕುಳಿತಿದ್ದಳು.

“ನಾನು ಇಳಿಯಲ್ಲ,” ಎಂದಳು ಮೇಲಿನಿಂದ. ಅಳು ಇರಲಿಲ್ಲ, ಕೂಗೂ ಇರಲಿಲ್ಲ.

ಸೀಟಿ ಅಕ್ಕ ಏಣಿಗೆ ಕೈ ಹಾಕಿದಳು. ಮ್ಯಾನೇಜರ್ ಅಡ್ಡ ಬಂದ. “ಬೇಡಮ್ಮ. ಅದು ಹೋಗೋ ಮರ. ಇನ್ನೊಬ್ಬರ ಭಾರ ಬಿದ್ರೆ ಈಗಲೇ ಹೋದ್ರೂ ಹೋಯ್ತು. ಸಾರ್ ಹೇಳಿದ್ದು ಸುಳ್ಳಾಗಿದ್ದೇ ಇಲ್ವಂತೆ.”

ಮಂಚದಣ್ಣನ ತಲೆಯಲ್ಲಿ ಬೆಳಿಗ್ಗೆಯಿಂದ ನಡೆದದ್ದೆಲ್ಲ ಒಂದೇ ಏಟಿಗೆ ನೆಟ್ಟಗಾಯಿತು. “ಅಯ್ಯೋ, ಹೋಗುತ್ತೆ ಅಂದ್ರೆ ಬೀಳುತ್ತೆ ಅಂತ ಅಲ್ಲ ಮಾರಾಯ್ರೆ. ಹೋಗುತ್ತೆ ಅಂದ್ರೆ, ಮಾರಾಟ ಆಗುತ್ತೆ ಅಂತ.”

ಅರಣ್ಯಾಧಿಕಾರಿಗಳ ಕಿವಿ ನಿಮಿರಿತು. “ಓಹೋ. ಗಿರಾಕೀನೂ ಸಿಕ್ಕಾಯ್ತಾ ಹಾಗಾದ್ರೆ?”

“ಗಿರಾಕಿ ಇಲ್ಲ ಸರ್. ಅಂಗಡೀಲಿ ನಾವು ಹಾಗಂತೀವಿ.”

“ಅಂಗಡೀನೂ ಇದೆ,” ಎಂದರು ಅಧಿಕಾರಿಗಳು ಡಾಕ್ಟರರ ಕಡೆ ತಿರುಗಿ. “ಮುಂದಿನ ವಾರ ಮರ ಇಲ್ಲಿ ಇರಲ್ಲ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತು ನೋಡಿ.”

ಡಾಕ್ಟರರು ತಮಗೆ ಮೊದಲೇ ಸಂಶಯ ಇತ್ತೆಂದರು. ಅವರ ಹೆಂಡತಿ, ಇಂಥವರಿಗೂ ಮಕ್ಕಳಿರುತ್ತಾರಲ್ಲ ಎಂದರು. ಮಂಚದಣ್ಣ ಏನು ಹೇಳಲು ಹೋದರೂ ಅದು ಇನ್ನೊಂದು ಗಂಟಾಗುತ್ತಿತ್ತು. ಇಷ್ಟು ಗಿರಾಕಿಗಳನ್ನು ಮಾತಿನಲ್ಲೇ ಮಂಚಕ್ಕೆ ಒಪ್ಪಿಸಿದ ನಾಲಿಗೆ ಬೇಕಾದ ಹೊತ್ತಿಗೆ ಕೈಕೊಟ್ಟಿತ್ತು.

ಹೆಂಡತಿ ಹತ್ತಿರ ಬಂದಳು. ಕೈಯಲ್ಲಿ ಬೆಲ್ಟು ಇತ್ತು. “ರೀ, ಹತ್ತಿ.”

“ನನಗೆ ಅದು...”

“ಗೊತ್ತು. ನಾನು ಹತ್ತಬಲ್ಲೆ. ಆದ್ರೆ ಅವಳಿಗೆ ಬೇಕಾಗಿರೋದು ನಿಮ್ಮ ಮಾತು, ನಂದಲ್ಲ. ಹತ್ತಿ.” ಆಕೆಯೇ ಬೆಲ್ಟು ಬಿಗಿದು, ಕೊಕ್ಕೆ ಸಿಕ್ಕಿಸಿ, ಎರಡು ಸಲ ಎಳೆದು ನೋಡಿದಳು. ಮರ ಬೀಳುವುದಿಲ್ಲ ಎಂದು ಆ ಜನರ ನಡುವೆ ಖಚಿತವಾಗಿ ತಿಳಿದಿದ್ದವನು ಮಂಚದಣ್ಣ ಒಬ್ಬನೇ. ಆದರೆ ಅವನು ಬೀಳುವುದಿಲ್ಲ ಎಂದು ಯಾರು ತಟ್ಟಿ ನೋಡಿ ಹೇಳಬೇಕು?

ಅವನು ಹತ್ತಿದ. ಹತ್ತಿದ ಎನ್ನುವುದಕ್ಕಿಂತ ಮರವನ್ನು ತಬ್ಬಿಕೊಂಡು ತೆವಳಿದ ಎನ್ನಬೇಕು. ಕೆನ್ನೆ ತೊಗಟೆಗೆ ಅಂಟಿತ್ತು, ಕಣ್ಣು ಮುಚ್ಚಿತ್ತು, ಕೈ ಒಂದು ಹಿಡಿ ಬಿಡಬೇಕಾದರೆ ಬಹಳ ಹೊತ್ತು ಯೋಚಿಸುತ್ತಿತ್ತು. ಅರ್ಧದಲ್ಲಿ ಒಮ್ಮೆ ಪೂರ್ತಿ ನಿಂತೇಬಿಟ್ಟ. ಎರಡು ತೋಳಿನಲ್ಲೂ ಮರವನ್ನು ಅಪ್ಪಿ ಹಿಡಿದು, ಹಣೆ ಒತ್ತಿ, ಬಾಯಲ್ಲೇ ಏನೇನೋ ಹೇಳಿಕೊಂಡ. ಹೇಳಿಕೊಂಡದ್ದು ‘ಅಮ್ಮಾ ಅಮ್ಮಾ’ ಎಂದು.

ಕೆಳಗಿನವರಿಗೆ ಅದು ಬೇರೆಯೇ ಕಂಡಿತು. “ನೋಡಿ, ಹೇಗೆ ತಬ್ಕೊಂಡಿದಾರೆ,” ಎಂದರು ಡಾಕ್ಟರರ ಹೆಂಡತಿ. “ಪಶ್ಚಾತ್ತಾಪ.” ಮ್ಯಾನೇಜರ್ ಟೋಪಿ ತೆಗೆದ. “ಎಷ್ಟಾದ್ರೂ ಮರದವರು. ಕಡೀಬೇಕಾಗಿ ಬಂದಾಗ ಅವರಿಗೂ ಸಂಕಟ ಆಗಲ್ವಾ.” ಅರಣ್ಯಾಧಿಕಾರಿಗಳು ಇಷ್ಟು ವರ್ಷದ ನೌಕರಿಯಲ್ಲಿ ತಾವು ಒಂದು ಮರವನ್ನೂ ಹೀಗೆ ಅಪ್ಪಿಕೊಂಡಿಲ್ಲವಲ್ಲ ಎಂದು ಒಳಗೊಳಗೇ ನೊಂದುಕೊಂಡರು.

ಜಗುಲಿ ಸಿಕ್ಕಿದ ಮೇಲೆ ಮಂಚದಣ್ಣ ಅದರ ಮೇಲೆ ಬೋರಲಾಗಿ ಮಲಗಿದ. ಪುಟ್ಟಿ ಮರಕ್ಕೆ ಒರಗಿ ಕುಳಿತೇ ಇದ್ದಳು.

“ಅಪ್ಪ, ಅಜ್ಜಿ ಎಲ್ಲಿಗೆ ಹೋದ್ರು?”

“ಈ ಅಜ್ಜಿ ಎಲ್ಲೂ ಹೋಗಲ್ಲ ಪುಟ್ಟಿ. ನಾನು ಹೇಳಿದ್ದೇ ಬೇರೆ, ಅವರು ತಿಳ್ಕೊಂಡಿದ್ದೇ ಬೇರೆ.”

“ಈ ಅಜ್ಜಿ ಅಲ್ಲ. ಮನೆ ಅಜ್ಜಿ. ಅವತ್ತು ನೀವೆಲ್ಲ ಹೋದ್ರು ಹೋದ್ರು ಅಂದ್ರಿ. ಎಲ್ಲಿಗೆ ಅಂತ ಯಾರೂ ಹೇಳ್ಲಿಲ್ಲ. ನೀನು ಹೋಗುತ್ತೆ ಅಂದ್ರೆ ಎಲ್ಲಾ ಹೋಗಿಬಿಡುತ್ತಂತೆ. ಅವತ್ತೂ ನೀನೇ ಅಂದಿದ್ಯಾ?”

ಮಂಚದಣ್ಣ ಮೆಲ್ಲಗೆ ಎದ್ದು ಕುಳಿತ. ಎಷ್ಟು ಎತ್ತರದಲ್ಲಿದ್ದೇನೆ ಎಂಬುದು ಒಂದು ಕ್ಷಣ ಮರೆತುಹೋಯಿತು. ಇಡೀ ವರ್ಷ ಈ ಮಗು ಇದನ್ನು ಒಳಗೆ ಇಟ್ಟುಕೊಂಡಿತ್ತು. ತಾನೂ ಇಟ್ಟುಕೊಂಡಿದ್ದ. ತಾಯಿ ಹೋದ ಮೇಲೆ ಅವನು ಒಂದು ದಿನವೂ ಮಗಳೆದುರು ಅವರ ಮಾತೆತ್ತಿರಲಿಲ್ಲ, ಎತ್ತಿದರೆ ಅತ್ತುಬಿಡುತ್ತೇನೆ, ಅಳುವ ಅಪ್ಪ ಅವಳ ಕಣ್ಣಿಗೆ ಚಿಕ್ಕವನಾಗುತ್ತಾನೆ ಎಂಬ ಹೆದರಿಕೆ. ಅವನಿಗೆ ತುಂಬ ದುಃಖವಾಯಿತು, ನಾಚಿಕೆಯೂ ಆಯಿತು.

“ಇಲ್ಲ ಪುಟ್ಟಿ. ಹೋಗ್ಬೇಡಿ ಅಂತಲೇ ಅಂದಿದ್ದೆ. ಎಲ್ಲಿಗೆ ಹೋದ್ರು ಅಂತ ನನಗೂ ಗೊತ್ತಿಲ್ಲ.”

“ದೊಡ್ಡೋರಿಗೂ ಗೊತ್ತಿರಲ್ವಾ?”

“ನನಗೆ ಗೊತ್ತಿಲ್ಲ. ಈ ಮರಗಳ ಬಗ್ಗೇನೂ ಗೊತ್ತಿಲ್ಲ. ನಾನು ಮರದವನಲ್ಲ ಪುಟ್ಟಿ, ಮಂಚ ಮಾರೋನು.”

“ಅದು ಗೊತ್ತು,” ಎಂದಳು ಪುಟ್ಟಿ. “ನಾನು ಅಂಗಡಿಗೆ ಬಂದಿದ್ದೀನಲ್ಲ. ಮರದ ಕೆಲಸ ಅಂದ್ರೆ ಅದೇ ಅಲ್ವಾ? ಕ್ಲಾಸಲ್ಲೂ ಹೇಳಿದೀನಿ, ನಮ್ಮಪ್ಪ ಅಷ್ಟೊಂದು ಮಂಚ ಇಟ್ಕೊಂಡಿದಾರೆ, ಎಲ್ಲದರ ಮೇಲೂ ಕುಣೀಬಹುದು ಅಂತ.”

ಮಂಚದಣ್ಣ ಕಣ್ಣು ತಪ್ಪಿಸಲು ಹೋಗಿ ಕೆಳಗೆ ನೋಡಿಬಿಟ್ಟ. ಜನರ ತಲೆಗಳು ಗುಂಡಿಗಳಂತೆ ಕಂಡವು. ಕಾಡು ಗಿರ್ರನೆ ತಿರುಗಿತು. ಅವನು ಮತ್ತೆ ಮರವನ್ನು ತಬ್ಬಿಕೊಂಡ.

“ಅಪ್ಪ, ನೀನು ಅಳ್ತಿದೀಯಾ?”

“ಅಳೂನೂ ಬರ್ತಿದೆ. ಆದ್ರೆ ಇದು ಭಯ. ನನಗೆ ಎತ್ತರ ಅಂದ್ರೆ ಭಯ ಪುಟ್ಟಿ. ನನ್ನ ಕೈಲಿ ಇಳಿಯೋಕೆ ಆಗಲ್ಲ.”

ಪುಟ್ಟಿ ಇದನ್ನೂ ತಿರುವಿ ನೋಡಿದಳು. ಮುಷ್ಕರ ಹೂಡಿ ಕುಳಿತವಳ ಮುಂದೆ ಈಗ ಹೊಸ ಕೆಲಸವೊಂದು ಬಂದಿತ್ತು. ಅವಳು ಎದ್ದು ಅಪ್ಪನ ಬೆಲ್ಟಿನ ಕೊಕ್ಕೆ ಎಳೆದು ನೋಡಿದಳು, ತನ್ನದನ್ನೂ ನೋಡಿಕೊಂಡಳು. “ನಾನು ಕೆಳಗಿನ ಮೆಟ್ಟಿಲಲ್ಲಿ ಇರ್ತೀನಿ. ನೀನು ನೆಲ ನೋಡ್ಬೇಡ, ಅಜ್ಜೀನೇ ನೋಡು. ಎಡಗಾಲು ಮೊದಲು.”

“ಎಡಗಾಲು ಯಾವುದು?” ಎಂದ ಮಂಚದಣ್ಣ. ಅವನಿಗೆ ನಿಜಕ್ಕೂ ಮರೆತುಹೋಗಿತ್ತು.

ಪುಟ್ಟಿ ಅವನ ಎಡಗಾಲಿನ ಹಿಮ್ಮಡಿಯನ್ನು ಹಿಡಿದು ಮೆಟ್ಟಿಲಿನ ಮೇಲೆ ಇಟ್ಟಳು. “ಇದು.” ಆಮೇಲೆ ಬಲಗಾಲು. ಮತ್ತೆ ಎಡಗಾಲು. ಅವನು ಸುಕ್ಕು ತೊಗಟೆಯನ್ನೇ ನೋಡುತ್ತ, ಮಗಳ ಪುಟ್ಟ ಕೈ ಹಿಮ್ಮಡಿಗೆ ತಾಗಿದಾಗಲೆಲ್ಲ ಒಂದು ಕಾಲು ಇಳಿಸುತ್ತ, ಬಂದ.

ಅವರು ನೆಲ ಮುಟ್ಟುವ ಹೊತ್ತಿಗೆ ಕೆಳಗಿನ ಚಿತ್ರ ಬದಲಾಗಿತ್ತು. ಮ್ಯಾನೇಜರನ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಚಿಕ್ಕ ಸುತ್ತಿಗೆ. ನಿಜವಾದ ಮರದವರು ಅವರೇ. ಬರುತ್ತಿದ್ದಂತೆ ಕೆರೆಯ ಪಕ್ಕದ ಪೊಳ್ಳು ಮರದ ಬುಡದಿಂದ ಬೆಂಚನ್ನು ಎಳೆಸಿ, ಹಸಿರು ಪಟ್ಟಿ ಕಿತ್ತು, ಈಗ ಕೆಂಪು ಪಟ್ಟಿಗಳನ್ನು ತೋರಿಸಿ ಕೇಳುತ್ತಿದ್ದರು, “ಇಷ್ಟು ಗಟ್ಟಿಮುಟ್ಟಾದ ಮರಕ್ಕೆ ಇದನ್ನ ಕಟ್ಟಿಸಿದ್ದು ಯಾರು?”

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಮ್ಯಾನೇಜರ್ ಕೆಂಪು ಸುರುಳಿಯನ್ನು ಜೇಬಿನೊಳಗೆ ತುರುಕಿದ. ಅರಣ್ಯಾಧಿಕಾರಿಗಳು ಬೆಲ್ಟು ಮೇಲೆತ್ತಿಕೊಂಡು ಮುಂದೆ ಬಂದರು.

“ಮರದವರು ಇವರು. ಹಾಗಾದ್ರೆ ನೀವು ಯಾರು?”

ಮಂಚದಣ್ಣನ ಮಂಡಿಗಳು ಇನ್ನೂ ಮಾತಾಡಿಕೊಳ್ಳುತ್ತಿದ್ದವು. ಅವನು ಮಗಳ ಕಡೆ ನೋಡಿದ.

“ಇವರು ನಮ್ಮಪ್ಪ,” ಎಂದಳು ಪುಟ್ಟಿ, ಎಲ್ಲರಿಗೂ ಕೇಳುವಂತೆ. “ಮಂಚ ಮಾರ್ತಾರೆ. ಮರ ಕಡಿಯಲ್ಲ. ಇವರಿಗೆ ಮರ ಅಂದ್ರೆ ಭಯ.”

“ಹೌದು,” ಎಂದ ಮಂಚದಣ್ಣ.

ಮೊದಲು ನಕ್ಕವನು ಗುಂಡ. ಆಮೇಲೆ ಡಾಕ್ಟರರು, ಆಮೇಲೆ ಎಲ್ಲರೂ. ಮಂಚದಣ್ಣನೂ ನಕ್ಕ. ನಗದೆ ಇದ್ದವಳು ಪುಟ್ಟಿ ಒಬ್ಬಳೇ. ಅವಳು ರೂಮಿನವರೆಗೂ ಅಪ್ಪನ ಕೈ ಬಿಡಲಿಲ್ಲ, ದಾರಿಯುದ್ದಕ್ಕೂ ಮರಗಳಿದ್ದವಲ್ಲ.